ಬುಧವಾರ ಎಂಬ ಒಂದೇ ಮಾತು

ನವೆಂಬರ್ 11, ಸೋಮವಾರ

ಮಾತು ಕಲಿಸುವ ಹುಡುಗಿ ಸುಲಕ್ಷಾ ಈ ನೋಟುಬುಕ್ಕು ಕೊಟ್ಟು ಹೋದಳು. ವಾರಕ್ಕೆರಡು ಸಲ ಪಣಜಿಯಿಂದ ಬಂದು, ಫೆರಿಯಲ್ಲಿ ಹೊಳೆ ದಾಟಿ ನಮ್ಮ ದ್ವೀಪಕ್ಕೆ ಬರುತ್ತಾಳೆ. "ಆಂಟಿ, ಅಂಕಲ್ ದಿನಕ್ಕೆ ಎಷ್ಟು ಮಾತಾಡ್ತಾರೆ, ಯಾವ ಮಾತು, ಯಾವಾಗ, ಎಲ್ಲ ಬರೆದಿಡಿ" ಎಂದಳು.

ಬರೆಯುವುದಕ್ಕೆ ಏನಿದೆ? ಅಕ್ಟೋಬರ್ ಏಳರ ಬೆಳಿಗ್ಗೆ ಇವರು ಪಿಟೀಲಿಗೆ ತಂತಿ ಬಿಗಿಯುತ್ತ ಕುಳಿತಲ್ಲೇ ಒರಗಿದರು. ಬಲಗೈ ಹೋಯಿತು. ಬಲಗಾಲು ಅರ್ಧ ಹೋಯಿತು. ಮಾತೆಲ್ಲ ಹೋಗಿ ಒಂದೇ ಒಂದು ಉಳಿಯಿತು: ಬುಧವಾರ. ನೀರು ಬೇಕಾದರೂ ಬುಧವಾರ, ದಿಂಬು ಸರಿಯಿಲ್ಲದಿದ್ದರೂ ಬುಧವಾರ. ಪಾದ್ರಿ ಬಂದು ಆಶೀರ್ವಾದ ಮಾಡಿದರೆ ಅದಕ್ಕೂ "ಬುಧವಾರ" ಎಂದು ತಲೆಬಾಗಿದರು.

ಮೂವತ್ತನಾಲ್ಕು ವರ್ಷ ಇಗರ್ಜಿಯ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸಿದ ಲಿಬೋರ್ ಮಾಸ್ತರು. ನಾನು ಮದುವಣಗಿತ್ತಿಯರಿಗೆ ಗೌನು ಹೊಲಿಯುವವಳು. ನನಗೆ ರಾಗ ತಿಳಿಯದು. ಒಂದು ಹಾಡಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಾಗುವುದು ಮಾತಿನಿಂದ. ಮದುವೆಯಾದ ವರ್ಷವೇ ಇವರು ಹೇಳಿಬಿಟ್ಟಿದ್ದರು: "ಎಸ್ಪೆರಾನ್ಸ್, ಪೂಜೆಯಲ್ಲಿ ನೀನು ಬಾಯಿ ಮಾತ್ರ ಆಡಿಸು. ದೇವರಿಗೆ ಅರ್ಥ ಆಗುತ್ತೆ."

ಇಂದಿನ ಮಾತು: ಒಂದು. ಅರವತ್ತಕ್ಕೂ ಹೆಚ್ಚು ಸಲ.

ನವೆಂಬರ್ 14, ಗುರುವಾರ

ಇವರ ಅಕ್ಕ ಬಂದಿದ್ದರು. ಊರೆಲ್ಲ ಅವರನ್ನು ಮಾನಾ ಎನ್ನುತ್ತದೆ, ನಾನೂ ಹಾಗೇ. ಬಂದವರು ತಮ್ಮನ ಹಣೆ ಮುಟ್ಟಿ, ನನ್ನ ಅಡಿಗೆಮನೆಗೆ ಬಂದು, ಪಾತ್ರೆಯ ಮುಚ್ಚಳ ತೆಗೆದು ನೋಡಿ, ಕುಳಿತರು.

"ಬುಧವಾರ ಅಂದ್ರೆ ಏನು ಅಂತ ನಿನಗೆ ಹೊಳೀಲಿಲ್ವಾ?"

"ಇಲ್ಲ ಮಾನಾ."

"ಆಗೆಲ್ಲ ಹಾಡಿನ ಅಭ್ಯಾಸ ಇದ್ದದ್ದು ಬುಧವಾರ. ಇವನೂ ಆ ಕ್ಲೊತಿಲ್ದೂ. ಊರಲ್ಲಿ ಯಾರ ಮದುವೆ ಆದ್ರೂ ಇವರಿಬ್ಬರ ಹಾಡು ಆಗಲೇಬೇಕು. ನಾವೆಲ್ಲ ಇವರ ಮದುವೇನೇ ಆಗುತ್ತೆ ಅಂದ್ಕೊಂಡಿದ್ವಿ. ಅವರಪ್ಪ ಪುಣೆಯ ರೈಲ್ವೆ ಗುಮಾಸ್ತನಿಗೆ ಕೊಟ್ಟ. ಗಂಡ ಹೋದನಂತೆ. ಹೋದ ತಿಂಗಳು ವಾಪಸ್ ಬಂದಿದ್ದಾಳೆ, ಅಪ್ಪನ ಮನೆಗೆ" ಎಂದರು.

ಸುಲಕ್ಷಾ ಬಂದಾಗ ಕೇಳಿದೆ. ಲಕ್ವದ ಪೆಟ್ಟು ಬಿದ್ದ ಹೊತ್ತಿಗೆ ತಲೆಯಲ್ಲಿದ್ದ ಯಾವುದೋ ಮಾತು ಸಿಕ್ಕಿಕೊಂಡುಬಿಡುತ್ತದಂತೆ, ಅದಕ್ಕೆ ಅರ್ಥವೇ ಇರಬೇಕೆಂದಿಲ್ಲವಂತೆ.

ನಮ್ಮ ಮದುವೆ ಶನಿವಾರ ಆಯಿತು. ಇವರು ನನ್ನನ್ನು ನೋಡಲು ಬಂದದ್ದು ಯಾವ ವಾರವೋ. ಆ ವರ್ಷದ ಕ್ಯಾಲೆಂಡರು ಎಲ್ಲಾದರೂ ಸಿಕ್ಕೀತೆ?

ನವೆಂಬರ್ 19, ಮಂಗಳವಾರ

ಬಂದಳು. ಸೀಬೆಹಣ್ಣಿನ ಮಿಠಾಯಿ ತಟ್ಟೆಯಲ್ಲಿಟ್ಟುಕೊಂಡು, ಬಿಳಿ ಕೂದಲನ್ನು ಹುಡುಗಿಯರ ಹಾಗೆ ಹಿಂದಕ್ಕೆ ಕಟ್ಟಿಕೊಂಡು. ನಾನು ಊಹಿಸಿದಷ್ಟು ಚೆಲುವೆಯಲ್ಲ. ಕಾಲು ದೊಡ್ಡವು. ಕೆಮ್ಮು ಇದೆ.

"ಏನು ಲಿಬೋರ್, ನನ್ನ ಗುರುತು ಸಿಕ್ತಾ?" ಎಂದಳು. ನಾನು ಇಷ್ಟು ವರ್ಷದಲ್ಲಿ ಇವರನ್ನು ಹೆಸರು ಹಿಡಿದು ಕರೆದದ್ದಿಲ್ಲ.

ಇವರು "ಬುಧವಾರ" ಎಂದರು.

"ಎಸ್ಪೆರಾನ್ಸ್ ಬಾಯ್, ಅವನಿಗೆ ಬೆನ್ನು ಕಡೀತಾ ಇದೆ." ನನಗೆ ಮಾತ್ರ ಮರ್ಯಾದೆಯ ಬಾಯ್.

"ನಿಮಗೆ ಹೇಗೆ ಗೊತ್ತು?"

"ಹೇಳಿದನಲ್ಲ."

"ಬುಧವಾರ ಅಂದರು."

"ಹೌದು. ಹೇಗೆ ಅಂದ ನೋಡಿ." ಅವಳು ಆ ಮಾತನ್ನು ಇವರಂತೆಯೇ ಎಳೆದು ಹೇಳಿ ತೋರಿಸಿದಳು. ನನಗೆ ಎಲ್ಲ ಬುಧವಾರಗಳೂ ಒಂದೇ. ಬೆನ್ನು ಕೆರೆದೆ. ಇವರು ಕಣ್ಣು ಮುಚ್ಚಿ ಉಸಿರು ಬಿಟ್ಟರು. ನಲವತ್ತು ದಿನದಿಂದ ಬೆನ್ನು ಕಡಿಯುತ್ತಿತ್ತೋ ಏನೋ.

ಚಹಾ ತರಲು ಒಳಗೆ ಹೋದೆ. ಅವಳು ಹಳೆಯ ಮದುವೆ ಹಾಡೊಂದನ್ನು ಗುನುಗತೊಡಗಿದಳು. ನಿಧಾನದ ಹಾಡು, ಅರ್ಧ ನಿದ್ದೆಯಲ್ಲಿ ತೂಗುವಂಥದ್ದು. ಎರಡನೆಯ ಸಾಲಿಗೆ ಇನ್ನೊಂದು ದನಿ ಸೇರಿತು. ಬಾಗಿಲಿಗೆ ಬಂದು ನೋಡಿದೆ. ಇವರ ಬಾಯಿ. ಮಾತುಗಳು ಒಂದೊಂದೂ ತೊಳೆದಿಟ್ಟಷ್ಟು ಸ್ಪಷ್ಟ: ಬಾವಿಕಟ್ಟೆಯ ಮೇಲೆ ಬೆಳದಿಂಗಳನ್ನು ಮರೆತು ಹೋದವಳೇ.

ಗಾಜಿನ ಬದಲು ಚಿಪ್ಪು ಕೂಡಿಸಿದ ಕಿಟಕಿಯಿಂದ ಬೀಳುವ ಹಾಲುಬಣ್ಣದ ಬೆಳಕಿನಲ್ಲಿ ಇಬ್ಬರೂ ಕುಳಿತಿದ್ದರು. ಅವರಿಗೆ ವಯಸ್ಸೇ ಇರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿತು.

ಇಂದಿನ ಮಾತು: ನಲವತ್ತೊಂದು. ಒಂದೂ ನನಗಲ್ಲ.

ನವೆಂಬರ್ 22, ಶುಕ್ರವಾರ

ಸುಲಕ್ಷಾಗೆ ಸಂಭ್ರಮವೋ ಸಂಭ್ರಮ. ಮಾತಿನ ಮನೆ ಮಿದುಳಿನ ಒಂದು ಕಡೆಗಾದರೆ ಹಾಡಿನ ಮನೆ ಇನ್ನೊಂದು ಕಡೆಗಂತೆ. ಆ ಮನೆಗೆ ಪೆಟ್ಟು ಬಿದ್ದಿಲ್ಲ. "ಆ ಆಂಟಿ ದಿನಾ ಬರಬೇಕು. ನೀವೇ ಹೋಗಿ ಕರೀರಿ."

ಹೋದೆ. ಇಗರ್ಜಿಯ ಗುಡ್ಡ ಇಳಿದು, ಗದ್ದೆಯ ಬದುವಿನ ಮೇಲೆ. ಕೊಕ್ಕರೆಗಳು ನನ್ನನ್ನು ಕಂಡು ಹಾರಲೂ ಇಲ್ಲ. ಅವಳು ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು.

"ದಿನಾ ಬರಬೇಕಂತೆ ನೀವು. ಡಾಕ್ಟರ ಹುಡುಗಿ ಹೇಳಿದ್ದು."

"ನೀವು ಏನು ಹೇಳ್ತೀರಿ ಬಾಯ್?"

"ನಾನು ಹೇಳೋಕೇನಿದೆ? ಔಷಧಿ ಅಂದಮೇಲೆ ಔಷಧಿ."

ಅವಳು ನಕ್ಕಳು. "ನನ್ನನ್ನ ಯಾರೂ ಔಷಧಿ ಅಂದಿರಲಿಲ್ಲ. ನಾಲ್ಕು ಗಂಟೆಗೆ ಬರ್ತೀನಿ."

ಡಿಸೆಂಬರ್ 2, ಸೋಮವಾರ

ದಿನವೂ ನಾಲ್ಕಕ್ಕೆ ಬರುತ್ತಾಳೆ, ಐದೂವರೆಗೆ ಹೋಗುತ್ತಾಳೆ. ಇವರು ಮೂರು ಗಂಟೆಯಿಂದಲೇ ಬಾಚಣಿಗೆ ಬೇಕೆಂದು ಕೈ ಮಾಡುತ್ತಾರೆ. ಎಡಗೈಯಲ್ಲಿ ತಾವೇ ಬೈತಲೆ ತೆಗೆದುಕೊಳ್ಳುತ್ತಾರೆ, ವಕ್ರವಾಗಿ. ನಾನು ಅದನ್ನು ನೇರ ಮಾಡುತ್ತೇನೆ. ಏಕೆ ಮಾಡುತ್ತೇನೋ.

ಡಿಸೆಂಬರ್ 6, ಶುಕ್ರವಾರ

ಇವತ್ತು ಗೇಟಿನಲ್ಲೇ ನಿಂತು ಹೇಳಿದೆ: "ಜ್ವರ ಬಂದಿದೆ, ಮಲಗಿದ್ದಾರೆ." ಜ್ವರ ಇರಲಿಲ್ಲ. ಅವಳು ತಲೆಯಾಡಿಸಿ ಹೋದಳು. ಇವರು ಕಿಟಕಿಯಿಂದ ನೋಡಿದರೋ ಇಲ್ಲವೋ.

ಮಾತು: ಒಂದೂ ಇಲ್ಲ. ಬುಧವಾರವೂ ಇಲ್ಲ.

ಡಿಸೆಂಬರ್ 7, ಶನಿವಾರ

ಇವತ್ತೂ ಹಾಗೇ ಹೇಳಿದೆ. ಇವರು ಗಂಜಿ ಮುಟ್ಟಲಿಲ್ಲ.

ಡಿಸೆಂಬರ್ 9, ಸೋಮವಾರ

ಬೆಳಿಗ್ಗೆ ಕೂತು ಅವಳ ಮಗನಿಗೆ ಕಾಗದ ಬರೆದೆ. ಅವಳ ಮನೆಗೆ ಹೋದ ದಿನ ಜಗಲಿಯ ಮೇಜಿನ ಮೇಲಿದ್ದ ಲಕೋಟೆಯಲ್ಲಿ ವಿಳಾಸ ಕಂಡಿತ್ತು: ಅನಿಸೆತ್, ಪುಣೆ. ನಿಮ್ಮ ತಾಯಿ ಒಬ್ಬರೇ ಇದ್ದಾರೆ, ಕೆಮ್ಮು ಬಿಡುತ್ತಿಲ್ಲ, ಊರಿನವರ ಬಾಯಿ ಸುಮ್ಮನಿರುವುದಿಲ್ಲ, ಬಂದು ಕರೆದುಕೊಂಡು ಹೋಗುವುದು ಒಳ್ಳೆಯದು. ಕೆಳಗೆ ಹೆಸರು ಹಾಕಲಿಲ್ಲ. ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ. ಎರಡು ಸಲ ಓದಿ ನೋಡಿದೆ.

ಅಂಚೆಗೆ ಹಾಕಿ ಬರುವಾಗ ಹೊಳೆಯ ಮೇಲೆ ಇನ್ನೂ ಮಂಜಿತ್ತು. ಫೆರಿ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಬರುತ್ತಿತ್ತು. ಅದು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದೆ ಅಲ್ಲೇ ಬಹಳ ಹೊತ್ತು ನಿಂತಿದ್ದೆ.

ನಾಲ್ಕಕ್ಕೆ ಅವಳು ಬಂದಳು. ಒಳಗೆ ಬಿಟ್ಟೆ. ಇನ್ನೇನು, ಕೆಲವು ದಿನ.

ಡಿಸೆಂಬರ್ 23, ಸೋಮವಾರ

ಕ್ರಿಸ್ಮಸ್ಸಿನ ನೆವ್ರಿ ಮಾಡಿದೆವು. ಮಾನಾ ಕೊಬ್ಬರಿ ತುರಿದರು, ಕ್ಲೊತಿಲ್ದ್ ಹಿಟ್ಟು ಲಟ್ಟಿಸಿದಳು, ನಾನು ಕರ್ಜಿಕಾಯಿಯಂತೆ ಅಂಚು ಮಡಿಚಿದೆ. ಹಂಚುವ ಪೊಟ್ಟಣಗಳ ಮೇಲೆ ನಾನೇ ಹೆಸರು ಬರೆದೆ.

"ಹೆಂಡತಿ ಮಡಿಚೋಳು, ಹಳೇ ಹಾಡುಗಾರ್ತಿ ಲಟ್ಟಿಸೋಳು. ನನ್ನ ತಮ್ಮನ ಭಾಗ್ಯ ನೋಡು" ಎಂದರು ಮಾನಾ.

"ಮಾನಾ, ನೀವು ತುರೀರಿ. ಬೆರಳು ಜೋಪಾನ" ಎಂದಳು ಕ್ಲೊತಿಲ್ದ್. ನನಗೆ ನಗು ಬಂತು. ತಡೆದುಕೊಂಡೆ.

ಪುಣೆಯಿಂದ ಇನ್ನೂ ಏನೂ ಬಂದಿಲ್ಲ.

ಜನವರಿ 8, ಬುಧವಾರ

ಸುಲಕ್ಷಾಳ ಹೊಸ ಅಪ್ಪಣೆ: ಹಾಡಿನ ಮಾತು ಸಾಲದು, ದಿನದ ಮಾತು ಬರಬೇಕು. ನೀರು ಬೇಕು, ಕಾಲು ನೋಯುತ್ತಿದೆ, ದೀಪ ಹಾಕು. ಒಂದೊಂದನ್ನೂ ಸಣ್ಣ ರಾಗಕ್ಕೆ ಕೂಡಿಸಿ, ಎಡಗೈಯ ಮೇಲೆ ತಾಳ ತಟ್ಟುತ್ತ ಇವರ ಜೊತೆ ಹಾಡಬೇಕು. ದಿನವಿಡೀ ಜೊತೆಯಲ್ಲಿರುವವರು ಮಾಡಬೇಕಂತೆ. ಅಂದರೆ ನಾನು.

"ನನಗೆ ಬರೋದಿಲ್ಲ ಮಗಳೇ."

"ಬರುತ್ತೆ ಆಂಟಿ, ಎಲ್ಲರಿಗೂ ಬರುತ್ತೆ" ಎಂದಳು ಸುಲಕ್ಷಾ. ನನ್ನ ದನಿ ಕೇಳಿದ ಮೇಲೆ ಮತ್ತೆ ಹಾಗೆ ಹೇಳಲಿಲ್ಲ.

ಸುಲಕ್ಷಾಳನ್ನು ಫೆರಿಗೆ ಬಿಟ್ಟು ನಾವಿಬ್ಬರೂ ವಾಪಸ್ ಬರುವಾಗ ಕ್ಲೊತಿಲ್ದ್ ಎಂದಳು: "ಬೆಳಿಗ್ಗೆ ನಮ್ಮನೆಗೆ ಬನ್ನಿ. ನಾನು ಕಲಿಸ್ತೀನಿ. ಲಿಬೋರ್‌ಗೆ ಹೇಳೋದು ಬೇಡ."

ಜನವರಿ 15, ಬುಧವಾರ

ಒಂದು ವಾರದ ಪಾಠ. ಮಾನಾ ಬಂದು ಇವರ ಬಳಿ ಕೂರುತ್ತಾರೆ, ನಾನು ಗುಂಡಿ ದಾರ ತರುವ ನೆಪದಲ್ಲಿ ಹೊರಡುತ್ತೇನೆ.

"ನೀ-ರು ಬೇಕು. ಮೇಲೆ ಹೋಗಿ ಕೆಳಗೆ ಬಾ."

"ಹೋದೆನಲ್ಲ."

"ನೀನು ಹೋದದ್ದು ಪಕ್ಕದ ಮನೆಗೆ."

ನಕ್ಕು ನಕ್ಕು ಅವಳಿಗೆ ಕೆಮ್ಮು ಹತ್ತಿತು. ಬೆನ್ನು ನೀವಿದೆ. ಬೆನ್ನಲ್ಲಿ ಮೂಳೆ ಎಣಿಸಬಹುದು. ಬಿಸಿನೀರು ಕಾಯಿಸಿ ಕೊಟ್ಟೆ. ಆಮೇಲೆ ಇಷ್ಟು ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿಬಿಟ್ಟೆ.

"ನಿಮ್ಮಿಬ್ಬರ ನಡುವೆ ಏನಿತ್ತು?"

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಯೋಚಿಸಿದಳು. "ಒಂದು ಹಾಡು ಹಾಡೋವಾಗ ಏನಿರುತ್ತೋ ಅದು ಇತ್ತು. ಹಾಡು ಮುಗಿದ ಮೇಲೆ ಏನಿರುತ್ತೆ ಅಂತ ನೋಡೋಕೆ ಅಪ್ಪ ಬಿಡಲಿಲ್ಲ. ಅದು ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ಹೇಗಿರ್ತಾನೆ, ಹಾಡು ಮುಗಿದ ಮೇಲೆ?"

"ಗೊರಕೆ ಹೊಡೀತಾರೆ."

"ಶ್ರುತಿಯಲ್ಲಿ?"

"ನನಗೇನು ಗೊತ್ತಾಗುತ್ತೆ?"

ಮತ್ತೆ ನಗು, ಮತ್ತೆ ಕೆಮ್ಮು. ಹೊರಟಾಗ ಹನ್ನೊಂದು ದಾಟಿತ್ತು. ದಾರಿಯುದ್ದಕ್ಕೂ "ನೀರು ಬೇಕು" ಎಂದುಕೊಂಡು ಬಂದೆ. ಗದ್ದೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ತನ್ನ ತಂಬಿಗೆ ಎತ್ತಿ ತೋರಿಸಿದಳು.

ಜನವರಿ 20, ಸೋಮವಾರ

ಕನಸು. ಹೊಳೆಯ ಮೇಲಿನ ಮಂಜೆಲ್ಲ ಬಟ್ಟೆಯಾಗಿತ್ತು. ನಾನು ಫೆರಿಯಲ್ಲಿ ನಿಂತು ಅದನ್ನು ಕತ್ತರಿಸುತ್ತಿದ್ದೆ. ಎಷ್ಟು ಕತ್ತರಿಸಿದರೂ ಹೊಳೆ ಕಾಣಲಿಲ್ಲ, ಬಟ್ಟೆಯೇ ಬಟ್ಟೆ. ಅಳತೆ ಅವಳದು.

ಜನವರಿ 24, ಶುಕ್ರವಾರ

ಇವರು ಹೇಳಿದರು. ನಾನು ಎಡಗೈ ತಟ್ಟುತ್ತ ಹಾಡಿದೆ. ಇವರು ಮೊದಲು ಹಲ್ಲುನೋವು ಬಂದವರಂತೆ ಮುಖ ಹಿಂಡಿದರು. ನನ್ನ ತಪ್ಪನ್ನು ತಿದ್ದುವುದಕ್ಕೇ ಇರಬೇಕು, ತಾವೇ ಹಾಡಿ ತೋರಿಸಿದರು: ನೀರು ಬೇಕು. ಮಾತು ಎರಡು.

ನೀರು ಕೊಟ್ಟೆ. ಕುಡಿಯಲಿಲ್ಲ, ಬಾಯಾರಿಕೆ ಇರಲಿಲ್ಲ. ಇಬ್ಬರೂ ಆ ಲೋಟವನ್ನು ನೋಡುತ್ತ ಕುಳಿತೆವು.

ಓಡಿ ಹೋಗಿ ಕ್ಲೊತಿಲ್ದ್‌ಗೆ ಹೇಳಿದೆ. ನನ್ನ ಮೊಣಕಾಲಿಗೆ ಇನ್ನೂ ಓಡಲು ಬರುತ್ತದೆ.

ಜನವರಿ 29, ಬುಧವಾರ

ಅವಳಿಗೊಂದು ಗೌನು ಹೊಲಿಯುತ್ತಿದ್ದೇನೆ. ಪುಣೆಯಿಂದ ತಂದದ್ದೆಲ್ಲ ಕಪ್ಪು, ಎಲ್ಲ ಸಡಿಲ. ಬೂದುನೀಲಿಯ ತುಂಡೊಂದು ನನ್ನ ಬಳಿ ಆರು ವರ್ಷದಿಂದ ಇತ್ತು, ಯಾವ ಮದುವಣಗಿತ್ತಿಯೂ ಬೇಡವೆಂದದ್ದು. ಅಳತೆ ತೆಗೆದೆ. ಎಡಭುಜ ಬಲಕ್ಕಿಂತ ಸ್ವಲ್ಪ ಇಳಿದಿದೆ. ಅದು ಕಾಣದಂತೆ ಹೊಲಿಯಬೇಕು. ಕುತ್ತಿಗೆಯ ಹಿಂದೆ ಒಂದು ಸಣ್ಣ ಮಚ್ಚೆ ಇದೆ. ಅದು ಕಾಣುವಂತೆ ಹೊಲಿಯಬಹುದು. "ಟೇಪು ಕಚಗುಳಿ ಇಡುತ್ತೆ" ಎಂದು ಹುಡುಗಿಯಂತೆ ಸರಿದಾಡಿದಳು. ಕೈಗೆ ಲೇಸು ಹಾಕಬೇಕೇ ಬೇಡವೇ ಎಂದು ಅರ್ಧ ತಾಸು ವಾದ ಮಾಡಿದೆವು. ಲೇಸು ಗೆದ್ದಿತು. ಅವಳ ಮನೆಯ ಬಾವಿಯ ನೀರು ಸ್ವಲ್ಪ ಸಿಹಿ.

ಇವರು ಇಂದು ಏನು ಹೇಳಿದರೆಂದು ಬರೆಯಲು ಮರೆತೆ. ಏನೋ ಹೇಳಿದರು.

ಫೆಬ್ರವರಿ 3, ಸೋಮವಾರ

ಮಾನಾಗೆ ಮೈ ಸರಿಯಿಲ್ಲ, ಬೆಳಗಿನ ಪಾಠ ತಪ್ಪಿತು. ಸಂಜೆಯಾದರೂ ಅವಳ ಜೊತೆ ಕೂರೋಣವೆಂದರೆ ಇವರು ಆರು ಗಂಟೆಯವರೆಗೂ ಅವಳನ್ನು ಬಿಡಲಿಲ್ಲ. ಒಂದು ಹಾಡಾದ ಮೇಲೆ ಇನ್ನೊಂದು. ಹೊಟ್ಟೆ ಉರಿಯಿತು. ಇವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಮೀನುಸಾರಿಗೆ ಉಪ್ಪು ಹೆಚ್ಚಾಯಿತು.

ಫೆಬ್ರವರಿ 10, ಸೋಮವಾರ

ಉಪವಾಸ ಕಾಲಕ್ಕೆ ಮೊದಲಿನ ವೇಷದ ದಿನಗಳು. ಮುಖವಾಡ ಹಾಕಿ, ಸೊಂಟಕ್ಕೆ ಗಂಟೆ ಕಟ್ಟಿಕೊಂಡವರು ಮನೆಮನೆಯ ಮುಂದೆ ಹಾದು ಹೋದರು. ಯಾರೆಂದು ಗುರುತು ಹಿಡಿಯುವುದೇ ಆಟ. ಇವರು ಕಿಟಕಿಯಲ್ಲಿ ಕುಳಿತು, ಗಂಟೆಯ ಸದ್ದಿನಿಂದಲೇ ಒಬ್ಬೊಬ್ಬರನ್ನೂ ಗುರುತಿಸಿ ಬೆರಳು ತೋರಿಸಿ ನಕ್ಕರು.

ಸಂಜೆ ಕೊನೆಯ ವೇಷದ ಹಿಂದೆಯೇ ಒಬ್ಬ ಅಪರಿಚಿತ ಬಂದ, ಕೈಯಲ್ಲಿ ಚೀಲ. ಮುಖವಾಡ ಇರಲಿಲ್ಲ. "ಕ್ಲೊತಿಲ್ದ್ ಅವರ ಮನೆ ಯಾವ ಕಡೆ? ನಾನು ಅವರ ಮಗ."

ದಾರಿ ತೋರಿಸಿದೆ.

ಫೆಬ್ರವರಿ 14, ಶುಕ್ರವಾರ

ಸೋಮವಾರ ಹೊರಡುತ್ತಾಳಂತೆ. ಅವಳ ಅಂಗಳದಲ್ಲಿ, ಕಟ್ಟಿಟ್ಟ ಟ್ರಂಕಿನ ಮೇಲೆ ಕುಳಿತು ಹೇಳಿದೆ: "ಆ ಕಾಗದ ಬರೆದವಳು ನಾನು."

"ಗೊತ್ತು."

"ಯಾವಾಗಿಂದ?"

"ಅನಿಸೆತ್ ಅದನ್ನ ಹೊಸ ವರ್ಷಕ್ಕೇ ನನಗೆ ಕಳಿಸಿದ, ಯಾರಮ್ಮ ಇದು ಅಂತ. ನೆವ್ರಿ ಪೊಟ್ಟಣದ ಮೇಲೆ ಹೆಸರು ಬರೆದವಳ ಅಕ್ಷರ ನನಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ನನಗೆ ಕಲಿಸ್ತಾ ಇದ್ದೆ?"

"ಬೈಯೋಣ ಅಂತಾನೇ ಮನೆಗೆ ಕರೆದೆ. ನೀನು ಬಂದು 'ನೀರು ಬೇಕು' ಅಂತ ಶುರು ಮಾಡಿದೆ. ಅಷ್ಟು ಕೆಟ್ಟದಾಗಿ ಹಾಡೋರನ್ನ ಬೈಯೋಕೆ ಮನಸ್ಸು ಬರಲಿಲ್ಲ."

ನಾನು ಅತ್ತೆ. ಅವಳು ಅಳಲಿಲ್ಲ.

"ನಿನ್ನ ಕಾಗದಕ್ಕೆ ಹೋಗ್ತಿಲ್ಲ ನಾನು, ಕೆಮ್ಮಿಗೆ ಹೋಗ್ತಿದ್ದೀನಿ. ಅಲ್ಲಿ ಆಸ್ಪತ್ರೆ ಹತ್ತಿರ."

"ತಿರುಗಿ ಬರ್ತೀಯಾ?"

"ಲಿಬೋರ್‌ಗೋಸ್ಕರಾನಾ ಕೇಳ್ತಿರೋದು?"

ನಾನು ಉತ್ತರ ಹೇಳುವಷ್ಟರಲ್ಲಿ ಅನಿಸೆತ್ ಹಗ್ಗ ಹಿಡಿದು ಒಳಗಿನಿಂದ ಬಂದ. ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ.

ಫೆಬ್ರವರಿ 17, ಸೋಮವಾರ

ಬೆಳಿಗ್ಗೆ ಎಂಟರ ಫೆರಿ. ಇವರು ತಾವೂ ಬರುವೆನೆಂದು ಕೋಲು ಹಿಡಿದು ನಿಂತರು. ಮಾನಾ ಮತ್ತು ನಾನು ಎರಡು ಕಡೆ ಹಿಡಿದುಕೊಂಡು ಇಳಿಜಾರಿನಲ್ಲಿ ನಿಧಾನವಾಗಿ ಕರೆತಂದೆವು. ಫೆರಿ ನಿಲ್ಲುವ ಕಡೆ ಮಳೆಮರದ ಕೆಳಗಿನ ಬೆಂಚಿನ ಮೇಲೆ ಕೂರಿಸಿದೆವು. ಮಂಜು ದಟ್ಟವಾಗಿತ್ತು, ಆಚೆಯ ದಡ ಇರಲೇ ಇಲ್ಲ.

ಕ್ಲೊತಿಲ್ದ್ ಬೂದುನೀಲಿ ಗೌನು ಹಾಕಿದ್ದಳು. ಭುಜ ಸರಿಯಾಗಿ ಕೂತಿತ್ತು. ಇವರ ಮುಂದೆ ಬಗ್ಗಿ, ಕೈ ಹಿಡಿದು, ಏನೂ ಹಾಡದೆ ಎದ್ದಳು. ಅನಿಸೆತ್ ಟ್ರಂಕು ಹೊತ್ತು ಮುಂದೆ ಹೋದ. ನಾನು ಅವಳ ಕೈಚೀಲ ಹಿಡಿದು ಜೊತೆಗೆ ಹತ್ತಿದೆ. ಆಚೆ ದಡದ ಬಸ್ಸಿನವರೆಗೆ ಹೋಗಿ ಬರುವುದೆಂದು ಮಾತಾಗಿತ್ತು. ಇಬ್ಬರ ಕಾಲೂ ಫೆರಿಯ ಕಬ್ಬಿಣದ ಹಲಗೆಯ ಮೇಲಿತ್ತು.

"ಹೋಗಬೇಡ."

ರಾಗವಿಲ್ಲ, ತಾಳವಿಲ್ಲ. ಹಿಂದಿನ ಲಿಬೋರ್ ಮಾಸ್ತರು ಶಾಲೆಯ ಬಾಗಿಲಲ್ಲಿ ನಿಂತು ಹೇಳುವ ಹಾಗೆ, ಬರೀ ಮಾತು.

ಇಬ್ಬರೂ ತಿರುಗಿದೆವು.

ಇವರು ನಮ್ಮ ಕಡೆ ನೋಡುತ್ತಿದ್ದರು. ನಾವು ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಿದ್ದೆವು, ಇವರಿಗೂ ನಮಗೂ ನಡುವೆ ಮಂಜು ಬೇರೆ.

"ನಿನಗೇ ಅಂದದ್ದು" ಎಂದಳು ಕ್ಲೊತಿಲ್ದ್ ಮೆಲ್ಲಗೆ.

"ನನಗ್ಯಾಕೆ ಅಂತಾರೆ? ನಾನೆಲ್ಲಿ ಹೋಗ್ತಿದ್ದೀನಿ? ನಿನಗೆ."

"ಅದು ಅವನಿಗೆ ಗೊತ್ತಾ? ನೀನೂ ಚೀಲ ಹಿಡಿದು ಹತ್ತಿದ್ದೀಯ."

"ನಿನಗೆ ಕ್ಲೊತಿಲ್ದ್. ಇಟ್ಕೋ."

"ಬಾಯ್, ಹತ್ತೋದಾದ್ರೆ ಒಳಗೆ ಬನ್ನಿ, ಇಳಿಯೋದಾದ್ರೆ ಇಳೀರಿ. ನಡುವೆ ನಿಂತ್ರೆ ಹಲಗೆ ಎತ್ತೋದು ಹೇಗೆ?" ಎಂದ ಫೆರಿಯವನು.

ಒಳಗೆ ಸರಿದೆವು. ಹಲಗೆ ಮೇಲೆದ್ದಿತು. ಮಂಜಿನಲ್ಲಿ ಮೊದಲು ಬೆಂಚು ಕರಗಿತು, ಆಮೇಲೆ ಇವರು, ಆಮೇಲೆ ಮರ. ಹೊಳೆಯ ನಡುವೆ ಯಾವ ದಡವೂ ಇಲ್ಲದ ಒಂದು ಗಳಿಗೆ ಬಂತು. ಅವಳು ನನ್ನ ಕೈಯನ್ನು ತನ್ನ ಗೌನಿನ ಜೇಬಿನೊಳಗೆ ಎಳೆದುಕೊಂಡಳು. ಚಳಿಯಿತ್ತು.

ಬಸ್ಸು ಸಿದ್ಧವಾಗಿಯೇ ನಿಂತಿತ್ತು. ಕಿಟಕಿಯಿಂದ ಏನೋ ಹೇಳಿದಳು. ಇಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ತಲೆಯಾಡಿಸಿದೆ.

ಅದೇ ಫೆರಿಯಲ್ಲಿ ವಾಪಸಾದಾಗ ಮಂಜು ತೆಳುವಾಗಿತ್ತು. ಒಲೆಯ ಮೇಲೆ ಅನ್ನ ಇಟ್ಟು ಬಂದಿದ್ದೇನೆಂದು ದಾರಿಯಲ್ಲೇ ಹೇಳಿದ್ದ ಮಾನಾ ಹೊರಟುಹೋಗಿದ್ದರು. ಇವರು ಒಬ್ಬರೇ ಕುಳಿತಿದ್ದರು, ಕೋಲು ಮೊಣಕಾಲಿನ ನಡುವೆ. ಕೇಳಬಾರದೆಂದು ಹೊಳೆಯುದ್ದಕ್ಕೂ ಗಟ್ಟಿಮಾಡಿಕೊಂಡು ಬಂದವಳು, ಪಕ್ಕದಲ್ಲಿ ಕುಳಿತ ಕೂಡಲೇ ಕೇಳಿಬಿಟ್ಟೆ.

"ಯಾರಿಗೆ ಹೇಳಿದ್ದು?"

ಇವರು ನನ್ನ ಕಡೆ ತಿರುಗಿದರು. ಮಾತಿಗೆ ತಡಕಾಡಿದರು, ತುಟಿ ಅಲುಗಿತು, ಸಿಗಲಿಲ್ಲ. ಆಮೇಲೆ ನನ್ನ ಕೈ ತೆಗೆದುಕೊಂಡು, ಅದರ ಮೇಲೆ ತಟ್ಟುತ್ತ, ಮಾತಿಲ್ಲದೆ ಗುನುಗಿದರು. ಮೇಲೆ ಹೋಯಿತು, ಅಲ್ಲಿ ಸ್ವಲ್ಪ ನಿಂತಿತು, ಕೆಳಗಿಳಿಯಿತು. ಮುಗಿಸಿ, ಹೇಳಿದೆನಲ್ಲ ಎನ್ನುವಂತೆ ನೋಡಿದರು.

ಅದು ಅವಳ ಹಾಡೋ, ನಾವಿಬ್ಬರೂ ಅಭ್ಯಾಸ ಮಾಡಿದ "ನೀರು ಬೇಕು" ಎಂಬುದರ ರಾಗವೋ, ಅಥವಾ ನಮ್ಮ ಮದುವೆಯ ದಿನ ಯಾರಾದರೂ ಹಾಡಿದ್ದೋ, ನನಗೆ ತಿಳಿಯಲಿಲ್ಲ. ತಿಳಿಯುವವಳು ಆಗಲೇ ಘಟ್ಟದ ದಾರಿ ಹಿಡಿದಿದ್ದಳು.

"ಇನ್ನೊಂದು ಸಲ" ಎಂದೆ.

ಇನ್ನೊಂದು ಸಲ ಹೇಳಿದರು. ಮೂರನೆಯ ಸಲಕ್ಕೆ ನಾನೂ ದನಿ ಕೂಡಿಸಿದೆ. ಇವರು ಮುಖ ಹಿಂಡಿದರು, ಆದರೆ ನಿಲ್ಲಿಸಲಿಲ್ಲ. ಬಿಸಿಲು ಬರುವವರೆಗೆ ಅಲ್ಲೇ ಕುಳಿತಿದ್ದು, ಆಮೇಲೆ ಎದ್ದು, ಅದನ್ನೇ ಗುನುಗುತ್ತ ಇಬ್ಬರೂ ಮನೆಯ ದಾರಿ ಹತ್ತಿದೆವು.